ಎಡಗೈಯ ಎರಡು ಕುಣಿಕೆ

ಕೋಪನ್‌ಹೇಗನ್
3 ಸೆಪ್ಟೆಂಬರ್ 2009

ಸೊಲ್ವಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಹದಿನೇಳು ವರ್ಷ ಕಳೆದರೂ ನನ್ನ ಅಕ್ಷರ ಸುಧಾರಿಸಿಲ್ಲ. ಸ್ಕಾರ್ವಿಕ್‌ನ ಅಂಚೆ ಈಗ ನಿನ್ನ ಕೈಯಲ್ಲಿದೆ ಎಂದು ತಮ್ಮ ಹೇಳಿದ. ಅದಕ್ಕೇ ಬರೆಯುವ ಧೈರ್ಯ ಬಂತು. ಈ ಕಾಗದ ಚೀಲದಿಂದ ನೇರ ನಿನ್ನ ಕೈಗೇ ಬರುತ್ತದೆ, ನಡುವೆ ಇನ್ನೊಂದು ಕಣ್ಣಿಲ್ಲ.

ವಿಷಯಕ್ಕೆ ಬರುತ್ತೇನೆ. ನಾನೊಂದು ಸಿನಿಮಾ ಮಾಡಿದ್ದೇನೆ. ದೊಡ್ಡ ಸಂಸ್ಥೆ ಯಾವುದೂ ಹಿಂದೆ ಇಲ್ಲ. ಏಳು ಜನ ಗೆಳೆಯರು, ಎರವಲು ತಂದ ಒಂದು ಕ್ಯಾಮೆರಾ, ಇಪ್ಪತ್ತೆರಡು ದಿನ. ಹೆಸರು ‘ಗಾಳಿಯ ಕಡೆಯ ಕಿಟಕಿ’. ಇಡಾ ಎಂಬ ಹೆಂಗಸಿನ ಕಥೆ. ಅವಳು ಹತ್ತೊಂಬತ್ತರಲ್ಲಿ ಒಬ್ಬ ಹುಡುಗಿಯನ್ನು ಪ್ರೀತಿಸುತ್ತಾಳೆ. ಹುಡುಗಿ ಊರು ಬಿಟ್ಟು ಹೋಗುತ್ತಾಳೆ, ಇಡಾ ಉಳಿಯುತ್ತಾಳೆ. ಉಳಿದವಳ ಬದುಕೇ ಸಿನಿಮಾ.

ಓದುವಾಗ ನಿನ್ನ ಹುಬ್ಬು ಎಲ್ಲಿಗೆ ಏರಿದೆ ಎಂದು ಊಹಿಸಬಲ್ಲೆ. ಕೇಳು, ಎಲ್ಲವನ್ನೂ ಬದಲಾಯಿಸಿದ್ದೇನೆ. ನಮ್ಮ ದ್ವೀಪವಲ್ಲ, ಡೆನ್ಮಾರ್ಕಿನ ಪಶ್ಚಿಮ ಕರಾವಳಿಯ ಒಂದು ಕೊಂಪೆ. ನಟಿಯರೂ ಡೇನರೇ. ಇಡಾಳಿಗೆ ಗಂಡನಿಲ್ಲ, ಮಗಳಿಲ್ಲ, ಅಂಚೆಯಿಲ್ಲ. ಪ್ರಾರ್ಥನಾ ಮಂದಿರದ ಬದಲು ಚರ್ಚು. ಯಾರು ನೋಡಿದರೂ ನಿನ್ನ ನೆರಳು ಕೂಡ ಕಾಣದು. ಹಾಗೆ ಮೂರು ಸಲ ಪರೀಕ್ಷೆ ಮಾಡಿಯೇ ನಿನಗೆ ಬರೆಯುತ್ತಿದ್ದೇನೆ.

ಚಳಿಗಾಲದಲ್ಲಿ ಸಿನಿಮಾ ನಮ್ಮ ದ್ವೀಪಗಳ ರಾಜಧಾನಿ ಟೋರ್ಸ್‌ಹಾವ್ನ್‌ಗೆ ಬರುತ್ತದೆ, ಆಮೇಲೆ ಕರೆದ ಊರುಗಳಿಗೆ. ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡವೆನ್ನಿಸಿತು. ಜೊತೆಗೆ ಪೋಸ್ಟರಿನ ಚಿಕ್ಕ ಪ್ರತಿ ಇಟ್ಟಿದ್ದೇನೆ. ನೋಡಿ ಒಲೆಗೆ ಹಾಕು.

ಬೈಂಟಾ

---

ಸ್ಕಾರ್ವಿಕ್
14 ಸೆಪ್ಟೆಂಬರ್

ಬೈಂಟಾ,

ನಿನಗೆ ಬುದ್ಧಿ ಇದೆಯೇನೇ?

ಪೋಸ್ಟರನ್ನು ಒಲೆಗೆ ಹಾಕುವ ಮೊದಲು ಅಂಚೆಯ ಗಲ್ಲಾದ ಹಿಂದೆ ನಿಂತು ನೋಡಿದೆ. ಊರು ಬದಲಾಯಿಸಿದೆ, ಹೆಸರು ಬದಲಾಯಿಸಿದೆ, ದೇವರನ್ನೂ ಬದಲಾಯಿಸಿದೆ. ಆ ಹೆಂಗಸಿನ ಮೈಮೇಲೆ ನಾನು ನಿನಗೆ ಹೆಣೆದ ಸ್ವೆಟರ್ ಹಾಕಿದೆಯಲ್ಲ ಮಾರಾಯ್ತಿ! ಮುಖ ಮುಚ್ಚಿಕೊಂಡು, ಹೆಸರನ್ನು ಬೆನ್ನ ಮೇಲೆ ಬರೆದುಕೊಂಡು ಬೀದಿಗೆ ಹೋದ ಹಾಗೆ.

ಕೋಪನ್‌ಹೇಗನ್ನಿನವರಿಗೆ ಅದು ಬರೀ ಒಂದು ಕಂದು ಸ್ವೆಟರ್. ನೀನು ಇಲ್ಲಿ ಹುಟ್ಟಿದವಳು. ನಿನಗೆ ಗೊತ್ತಿರಬೇಕಿತ್ತು. ಸತ್ತ ಮೀನುಗಾರರನ್ನು ಸ್ವೆಟರಿನ ಹೆಣಿಗೆ ನೋಡಿ ಗುರುತು ಹಿಡಿದ ಅಜ್ಜಿಯರ ಮೊಮ್ಮಕ್ಕಳು ನಾವು. ಸ್ಕಾರ್ವಿಕ್‌ನ ಹೆಂಗಸರೆಲ್ಲ ತೋಳನ್ನು ಮಣಿಕಟ್ಟಿನಿಂದ ಮೇಲಕ್ಕೆ ಹೆಣೆಯುತ್ತಾರೆ. ಭುಜದಿಂದ ಕೆಳಕ್ಕೆ ಹೆಣೆಯುವವಳು ನಾನೊಬ್ಬಳೇ, ನನ್ನ ಅಜ್ಜಿ ಬೇರೆ ದ್ವೀಪದಿಂದ ಬಂದವಳಾದ್ದರಿಂದ. ಹಕ್ಕಿಯ ಹೆಜ್ಜೆಯ ನಮೂನೆಯ ಸಾಲಿನ ಕೆಳಗೆ ಬಿಳಿಯ ಎರಡು ಸುತ್ತು ಹಾಕುವುದೂ ನಾನೊಬ್ಬಳೇ. ಗುರುವಾರದ ಹೆಣಿಗೆಯ ಕೂಟದಲ್ಲಿ ನಾವು ಒಂಬತ್ತು ಜನ ಹನ್ನೊಂದು ವರ್ಷದಿಂದ ಒಬ್ಬರ ಕೈ ಒಬ್ಬರು ನೋಡುತ್ತ ಕೂತಿದ್ದೇವೆ. ಕತ್ತಲಲ್ಲಿ ಮುಟ್ಟಿದರೂ ಯಾರದೆಂದು ಹೇಳುತ್ತಾರೆ.

ನನ್ನ ಪರಿಸ್ಥಿತಿ ನಿನ್ನ ತಮ್ಮ ಎಷ್ಟು ಹೇಳಿದನೋ ಗೊತ್ತಿಲ್ಲ. ಟ್ರೋಂಡುರ್‌ನನ್ನು ಮದುವೆಯಾಗಿ ಹದಿನಾಲ್ಕು ವರ್ಷ. ಒಳ್ಳೆಯವನು. ಈಗ ಮೀನು ಹಿಡಿಯಲು ಬಾರೆಂಟ್ಸ್ ಸಮುದ್ರಕ್ಕೆ ಹೋಗಿದ್ದಾನೆ, ಕ್ರಿಸ್‌ಮಸ್‌ಗೆ ಮುಂಚೆ ಬರುತ್ತಾನೆ. ಲೀವ್‌ಗೆ ಹನ್ನೆರಡು. ಅತ್ತೆ ಮಾಲಾನ್ ನಮ್ಮ ಜೊತೆಗೇ ಇದ್ದಾರೆ. ಭಾನುವಾರ ಮಂದಿರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವವಳು ನಾನು. ಈ ವಿಷಯ ಹೊರಗೆ ಬಿದ್ದರೆ ಮೊದಲು ಆ ಮಕ್ಕಳನ್ನು ನನ್ನಿಂದ ತೆಗೆಯುತ್ತಾರೆ, ಆಮೇಲೆ ಮಂದಿರದಲ್ಲಿ ಪ್ರಭುವಿನ ನೆನಪಿಗೆ ರೊಟ್ಟಿ ಮುರಿಯುವ ಮೇಜಿನಿಂದ ನನ್ನನ್ನು. ಆಮೇಲೆ ಲೀವ್ ಶಾಲೆಗೆ ಹೋಗುವ ದಾರಿಯಲ್ಲಿ ಏನೇನು ಕೇಳಬೇಕಾಗುತ್ತದೋ. ಟ್ರೋಂಡುರ್ ಹಡಗಿನಲ್ಲಿ ಹದಿನೈದು ಗಂಡಸರ ನಡುವೆ ಕೂತು ಊಟ ಮಾಡುವವನು.

ಆ ಸ್ವೆಟರನ್ನು ಸಿನಿಮಾದಿಂದ ತೆಗೆ. ಹೇಗೆ ತೆಗೆಯುತ್ತೀಯೋ ನನಗೆ ಬೇಕಿಲ್ಲ.

ಸೊಲ್ವಾ

---

ಕೋಪನ್‌ಹೇಗನ್
25 ಸೆಪ್ಟೆಂಬರ್

ಸೊಲ್ವಾ,

ನಿನ್ನ ಕಾಗದ ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಮೂರು ಸಲ ಪರೀಕ್ಷೆ ಮಾಡಿದೆ ಎಂದು ಬರೆದಿದ್ದೆನಲ್ಲ, ಆ ಮೂರು ಸಲವೂ ನಾನು ಆ ಸ್ವೆಟರಿನಲ್ಲೇ ಇದ್ದೆ. ಕಣ್ಣಿಗೆ ಬೀಳದಷ್ಟು ಅದು ನನ್ನ ಚರ್ಮವಾಗಿ ಹೋಗಿದೆ.

ಚಿತ್ರೀಕರಣದ ಮೊದಲ ದಿನ ವಿಪರೀತ ಗಾಳಿ. ನಟಿಗೆ ಹೊಲಿಸಿದ ಉಡುಪು ತೆಳು, ಪಾಪ, ಅವಳ ತುಟಿ ನೀಲಿಯಾಗಿ ಮಾತೇ ಹೊರಡುತ್ತಿರಲಿಲ್ಲ. ನನ್ನ ಮೈಮೇಲಿದ್ದುದನ್ನು ತೆಗೆದು ಅವಳಿಗೆ ತೊಡಿಸಿದೆ. ಒಂದು ದೃಶ್ಯ ಹಾಗೆ ತೆಗೆದ ಮೇಲೆ ಮುಂದಿನದಕ್ಕೂ ಅದೇ ಬೇಕು. ಹೀಗೆ ಸಿನಿಮಾದ ಮುಕ್ಕಾಲು ಭಾಗ ಅವಳು ಅದರಲ್ಲೇ ಇದ್ದಾಳೆ. ತೆಗೆಯುವುದೆಂದರೆ ಸಿನಿಮಾವನ್ನೇ ತೆಗೆದಂತೆ.

ಒಂದು ಮಾಡಬಲ್ಲೆ. ನೀನು ಹೂಂ ಎಂದರೆ ಸಿನಿಮಾ ನಮ್ಮ ದ್ವೀಪಗಳಿಗೇ ಬರದಂತೆ ತಡೆಯುತ್ತೇನೆ. ನನ್ನ ಜನ ನೋಡಲಿ ಎಂದೇ ಮಾಡಿದ್ದು. ಆದರೂ ತಡೆಯುತ್ತೇನೆ.

ಇನ್ನೊಂದು ಮಾತು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ. ನನ್ನ ಮನೆಯಲ್ಲಿ ಎರಡು ಕೋಣೆ ಖಾಲಿ ಇವೆ. ಲೀವ್‌ಳನ್ನೂ ಕರೆದುಕೊಂಡು ಬಾ. ನನ್ನ ಜೊತೆ ಇರಲೇಬೇಕೆಂದಿಲ್ಲ, ಬರೀ ಅಲ್ಲಿಂದ ಹೊರಟು ಬಾ.

ಸ್ವೆಟರಿನ ಎಡಗೈಯ ಪಟ್ಟಿಯಲ್ಲಿ ನೀನು ಎರಡು ಕುಣಿಕೆ ತಪ್ಪಿದ್ದು ಇನ್ನೂ ಹಾಗೇ ಇದೆ. ಚಿತ್ರದಲ್ಲಿ ಇಡಾ ಕಿಟಕಿಯ ಗಾಜಿಗೆ ಕೈ ಇಡುತ್ತಾಳೆ. ಆಗ ಆ ತಪ್ಪು ತೆರೆಯ ತುಂಬ ಕಾಣುತ್ತದೆ. ಅದನ್ನು ಬೇಕೆಂದೇ ಹತ್ತಿರದಿಂದ ತೆಗೆದೆ. ಕ್ಷಮಿಸು.

ಬೈಂಟಾ

---

ಸ್ಕಾರ್ವಿಕ್
20 ಅಕ್ಟೋಬರ್

ಬೈಂಟಾ,

ತಡವಾಯಿತು. ಕುರಿ ಕಡಿಯುವ ವಾರಗಳು. ಗಂಡಸರು ಸಮುದ್ರದಲ್ಲಿರುವುದರಿಂದ ಈ ಸಲ ನಾನೂ ಅತ್ತೆಯೂ ಕೂಡಿ ಮಾಂಸವನ್ನು ಒಣಗಲೆಂದು ಗಾಳಿಮನೆಯಲ್ಲಿ ತೂಗುಹಾಕಿದೆವು. ಕೈಯಲ್ಲಿ ಇನ್ನೂ ಕೊಬ್ಬಿನ ವಾಸನೆ.

ತಡೆ ಎಂದು ಬರೆದ ಕಾಗದ ಲಕೋಟೆಯೊಳಗೆ ಸಿದ್ಧವಾಗಿತ್ತು. ಅಷ್ಟರಲ್ಲಿ ಗುನ್ವೋರ್ ಅಂಚೆಗೆ ಬಂದಳು. ನೆನಪಿದೆಯಲ್ಲ, ಶಾಲೆಯಲ್ಲಿ ನಮಗಿಂತ ಎರಡು ವರ್ಷ ದೊಡ್ಡವಳು, ನಾಲಿಗೆ ಆಗಲೇ ಹರಿತ. ಹೆಣಿಗೆಯ ಕೂಟ ನಡೆಯುವುದು ಅವಳ ಮನೆಯಲ್ಲೇ.

“ಸೊಲ್ವಾ, ನಮ್ಮ ಬೈಂಟಾ ಸಿನಿಮಾ ಮಾಡಿದಾಳಂತೆ ಕಣೇ! ಪತ್ರಿಕೇಲಿ ಬಂದಿದೆ. ಊರ ಸಭಾಭವನಕ್ಕೆ ತರಿಸೋಣ ಅಂತ ನಾನೇ ಕಾಗದ ಹಾಕಿದೀನಿ. ನವೆಂಬರ್ ಇಪ್ಪತ್ತೊಂದು, ಶನಿವಾರ ಮಧ್ಯಾಹ್ನ. ತಗೋ, ಈ ಚೀಟಿ ಬಾಗಿಲಿಗೆ ಅಂಟಿಸು.”

“ಅದೇನೋ… ಹೆಂಗಸು ಹೆಂಗಸರ ಕಥೆಯಂತಲ್ಲ?” ಎಂದೆ.

“ಇರಲಿ ಬಿಡು. ಮಂದಿರದ ಹಿರಿಯರು ಬೇಡ ಅಂದ್ರು. ನಾನು ಅಂದೆ, ಅವಳು ನಮ್ಮೂರ ಹುಡುಗಿ, ಅವಳ ತಾಯಿ ನನಗೆ ಹಾಲು ಕೊಟ್ಟೋಳು, ನೋಡದೇ ಇದ್ರೆ ನಾವೇನು ಮನುಷ್ಯರಾ? ಕೂಟದವರೆಲ್ಲ ಒಟ್ಟಿಗೇ ಹೋಗೋದು. ಮುಂದಿನ ಸಾಲು ನಮ್ಮದು.”

ಚೀಟಿಯನ್ನು ನಾನೇ ಅಂಟಿಸಿದೆ. ನಾಲ್ಕು ಮೂಲೆಗೂ ಅಂಟು ಹಚ್ಚಿದೆ, ಗಾಳಿಗೆ ಹಾರಿಹೋಗದಂತೆ.

ಈಗ ನೀನು ತಡೆದರೆ ಏನಾಗುತ್ತದೆ ಹೇಳು. ಎಲ್ಲ ಊರಿಗೂ ಹೋದದ್ದು ಸ್ಕಾರ್ವಿಕ್‌ಗೆ ಯಾಕೆ ಬರಲಿಲ್ಲ ಎಂದು ಗುನ್ವೋರ್ ಕೇಳುತ್ತಾಳೆ. ಎಲ್ಲಿಗೂ ಬಾರದಿದ್ದರೆ ಪತ್ರಿಕೆಯವರು ಕೇಳುತ್ತಾರೆ. ನಾನು ಜ್ವರವೆಂದು ಮಲಗಿದರೆ, ಅವತ್ತೇ ಯಾಕೆ ಜ್ವರ ಬಂತೆಂದು ಕೂಟ ಕೇಳುತ್ತದೆ. ಯಾವ ಕಡೆ ತಿರುಗಿದರೂ ಗೋಡೆ. ಊರಿನವರು ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಕಾಲು ಕಿತ್ತು ಓಡುತ್ತಿದ್ದೆ. ಇವರೆಲ್ಲ ನಿನ್ನ ಮೇಲೆ ಹೆಮ್ಮೆಪಡುತ್ತಿದ್ದಾರೆ ಬೈಂಟಾ.

ಹಾಗಾಗಿ ತಡೆಯಬೇಡ. ಏನೂ ಮಾಡಬೇಡ.

ನಿನ್ನ ಎರಡು ಕೋಣೆಗಳ ವಿಷಯ. ನೀನು ಊರು ಬಿಟ್ಟ ದಿನ ಹಡಗುಕಟ್ಟೆಗೆ ನಾನೂ ಪೆಟ್ಟಿಗೆ ತಂದಿದ್ದೆ. ನೀನು ಹಡಗಿನ ಮೇಲೆ ನಿಂತು ಕೈ ಬೀಸುತ್ತಿದ್ದೆ. ಮೇಲೆ ಚಳಿ ಎಂದು ಸ್ವೆಟರನ್ನು ನಿನ್ನ ಕಡೆ ಎಸೆದೆ, ಆಮೇಲೆ ನನ್ನ ಕಾಲು ಮೇಲೇಳಲಿಲ್ಲ. ಅಪ್ಪನಿಗೆ ಹುಷಾರಿರಲಿಲ್ಲ, ಅದು ಇದು ಎಂದು ನನಗೆ ನಾನೇ ಹೇಳಿಕೊಂಡ ಕಾರಣಗಳೆಲ್ಲ ಸುಳ್ಳು. ಹೆದರಿದೆ, ಅಷ್ಟೇ. ಈಗಲೂ ಹೆದರಿಕೆಯೇ. ಅದಕ್ಕೆ ಹದಿನೇಳು ವರ್ಷ ಊಟ ಹಾಕಿ ದೊಡ್ಡದು ಮಾಡಿದ್ದೇನೆ.

ಸೊಲ್ವಾ

---

ಕೋಪನ್‌ಹೇಗನ್
1 ನವೆಂಬರ್

ಸೊಲ್ವಾ,

ಹಾಗಾದರೆ ನಾನೂ ಬರುತ್ತೇನೆ. ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಯಾರಾದರೂ ಕೇಳಿದರೆ ಹೇಳಿಬಿಡು, ಅದು ನಾನು ಹೆಣೆದದ್ದು, ಅವಳಿಗಾಗಿ ಹೆಣೆದದ್ದು ಎಂದು. ಎರಡೇ ಮಾತು. ನಾನು ಇಲ್ಲಿ ಅದನ್ನು ಪ್ರತಿದಿನ ಹೇಳುತ್ತೇನೆ, ಯಾರೂ ಸಾಯಲಿಲ್ಲ.

ಬೈಂಟಾ

---

ಸ್ಕಾರ್ವಿಕ್
9 ನವೆಂಬರ್

ನೀನು ಹೇಳುವುದು ನಿನ್ನ ಊರಿನಲ್ಲಿ. ಹೇಳಿ ಮುಗಿಸಿ ಬೇರೆ ಬೀದಿಗೆ ಹೋಗಬಹುದು. ಇಲ್ಲಿ ಇರುವುದು ಒಂದೇ ಬೀದಿ.

ಬರಬೇಡ. ದಮ್ಮಯ್ಯ.

ಸೊ.

---

ಸ್ಕಾರ್ವಿಕ್
24 ನವೆಂಬರ್

ಬೈಂಟಾ,

ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಭಾಭವನ ತುಂಬಿತ್ತು. ಬೇಡವೆಂದಿದ್ದ ಹಿರಿಯರಲ್ಲೂ ಇಬ್ಬರು ಹಿಂದಿನ ಬಾಗಿಲಲ್ಲಿ ನಿಂತಿದ್ದರು, ಟೋಪಿ ಕೈಯಲ್ಲಿ ಹಿಡಿದು, ಈಗಷ್ಟೇ ಹೊರಡುವವರ ಹಾಗೆ. ನಾವು ಒಂಬತ್ತು ಜನ ಮುಂದಿನ ಸಾಲಿನಲ್ಲಿ. ನನ್ನ ಎಡಕ್ಕೆ ಲೀವ್, ಬಲಕ್ಕೆ ಗುನ್ವೋರ್. ಅತ್ತೆ ಹಿಂದಿನ ಸಾಲಿನಲ್ಲಿ ನನ್ನ ಬೆನ್ನಿಗೇ. ಹೆಣಿಗೆಯ ಕಡ್ಡಿಗಳು ಎಲ್ಲರ ಮಡಿಲಲ್ಲೂ. ನಮ್ಮವರು ಸಿನಿಮಾವನ್ನೂ ಖಾಲಿ ಕೈಯಲ್ಲಿ ನೋಡುವವರಲ್ಲ.

ಸಿನಿಮಾ ಚೆನ್ನಾಗಿದೆ. ಇದನ್ನು ಹೇಳಲು ನನಗೆ ಸಿಟ್ಟು ಬರುತ್ತದೆ, ಆದರೂ ಚೆನ್ನಾಗಿದೆ. ಇಡಾ ಆಲೂಗಡ್ಡೆ ಸುಲಿಯುತ್ತ ಸುಲಿಯುತ್ತ ಸುಮ್ಮನಾಗಿಬಿಡುತ್ತಾಳಲ್ಲ, ಅದನ್ನು ನೀನು ಎಲ್ಲಿಂದ ಕಂಡೆ? ಅದು ನಾನು ಮದುವೆಯಾದ ಮೇಲಿನದು. ಆದರೆ ಒಂದು ಜಗಳ ಇದೆ. ನಿನ್ನ ಇಡಾ ಇಡೀ ಸಿನಿಮಾದಲ್ಲಿ ಒಂದು ಸಲವೂ ನಗುವುದಿಲ್ಲ. ನಾನು ನಕ್ಕಿದ್ದೇನೆ ಬೈಂಟಾ. ಲೀವ್ ಹುಟ್ಟಿದಾಗ, ಟ್ರೋಂಡುರ್ ಕುರಿಯ ಹಿಂದೆ ಓಡಿ ಕೆಸರಿಗೆ ಬಿದ್ದಾಗ. ಉಳಿದವಳೆಂದರೆ ಹೊತ್ತು ಮುಳುಗುವವರೆಗೆ ಕಿಟಕಿಯಲ್ಲಿ ನಿಂತು ಅಳುವವಳು ಅಂದುಕೊಂಡೆಯಾ?

ಇಡಾ ಗಾಜಿಗೆ ಕೈ ಇಟ್ಟಳು. ಎಡಗೈಯ ಪಟ್ಟಿ ದನದ ಕೊಟ್ಟಿಗೆಯ ಬಾಗಿಲಿನಷ್ಟು ದೊಡ್ಡದಾಗಿ ತೆರೆಯ ಮೇಲೆ ಬಂತು. ಹಕ್ಕಿಯ ಹೆಜ್ಜೆಯ ಸಾಲು, ಬಿಳಿಯ ಎರಡು ಸುತ್ತು, ಎರಡು ಕುಣಿಕೆ ತಪ್ಪಿ ಹಕ್ಕಿಯ ಬೆರಳು ಮುರಿದ ಆ ಒಂದು ಹೆಜ್ಜೆ. ಆ ಕ್ಷಣ ಕಡ್ಡಿಗಳ ಸದ್ದು ನಿಂತಿತು. ಒಂದಾದ ಮೇಲೆ ಒಂದು ಅಲ್ಲ, ಎಲ್ಲ ಒಟ್ಟಿಗೇ. ಆಮೇಲೆ ಮತ್ತೆ ಸದ್ದು ಶುರುವಾಯಿತು.

ಕೊನೆಯಲ್ಲಿ ಇಡಾ ಹಡಗು ಹತ್ತಿದಳು. ಜನ ಚಪ್ಪಾಳೆ ತಟ್ಟಿದರು, ಗುನ್ವೋರ್ ಮೂಗು ಒರೆಸಿಕೊಂಡಳು. ಲೀವ್ ನನ್ನ ತೋಳು ಜಗ್ಗಿ, “ಅಮ್ಮಾ, ಅವಳು ಮೊದ್ಲೇ ಯಾಕೆ ಹೋಗ್ಲಿಲ್ಲ?” ಎಂದಳು. “ಹಡಗು ದಿನಾ ಇರಲ್ಲ ಪುಟ್ಟಾ” ಎಂದೆ.

ಕಾಫಿ ಮತ್ತು ಕೇಕಿನ ಮೇಜಿನ ಹತ್ತಿರ ಗುನ್ವೋರ್ ಬಾಯಿಬಿಟ್ಟಳು. “ಒಂದು ಮಾತು ಹೇಳ್ತೀನಿ. ಆ ಸ್ವೆಟರ್ ಡೇನರದ್ದಲ್ಲ. ಅದು ನಮ್ಮೂರ ಕೈ. ತೋಳು ಮೇಲಿಂದ ಕೆಳಕ್ಕೆ ಇಳಿದಿದೆ.”

ಯಾರೂ ನನ್ನನ್ನು ನೋಡಲಿಲ್ಲ. ಅದೇ ಭಯಂಕರ. ಎಲ್ಲರೂ ತಮ್ಮ ತಮ್ಮ ಬಟ್ಟಲನ್ನು ನೋಡಿದರು. ನೀನು ಬರೆದಿದ್ದ ಎರಡು ಮಾತು ಗಂಟಲವರೆಗೆ ಬಂದವು, ನಿಜವಾಗಿ ಬಂದವು.

“ನನ್ನದು” ಎಂದರು ಅತ್ತೆ.

ಎಪ್ಪತ್ತನಾಲ್ಕು ವರ್ಷದ ಹೆಂಗಸು, ಮಂದಿರದಲ್ಲಿ ಒಂದು ಸುಳ್ಳು ಹೇಳಿದ್ದಕ್ಕೆ ಸ್ವಂತ ಮಗನನ್ನು ಇಡೀ ದಿನ ಉಪವಾಸ ಕೆಡವಿದ್ದ ಹೆಂಗಸು. “ನಾನು ಹೆಣೆದದ್ದು. ಆ ಹುಡುಗಿ ಬರೀ ಅಂಗೀಲಿ ಹಡಗು ಹತ್ತಿದ್ಲು, ಚಳೀಲಿ ಸಾಯ್ತಾಳೆ ಅಂತ ಕೊಟ್ಟೆ.”

“ನೀವಾ?” ಎಂದಳು ಗುನ್ವೋರ್. “ನೀವು ತೋಳು ಕೆಳಗಿಂದ ಹೆಣೆಯೋರಲ್ವಾ ಮಾಲಾನ್?”

“ಒಂದ್ಸಲ ಹಂಗೂ ಮಾಡಿ ನೋಡಿದೆ. ನಿನ್ನ ಅಪ್ಪಣೆ ಬೇಕಿತ್ತಾ?”

ನಗು. ಗುನ್ವೋರ್ ಕೂಡ ನಕ್ಕಳು. ನಕ್ಕು, “ಹಾಗಾದ್ರೆ ಕೂಟಕ್ಕೆ ಬಂದು ನಮಗೂ ಕಲಿಸಿ. ಡಿಸೆಂಬರ್ ಹತ್ತು, ಗುರುವಾರ” ಎಂದಳು. ಅದು ಕುಹಕವೋ ಕನಿಕರವೋ ನನಗೆ ಇನ್ನೂ ತಿಳಿದಿಲ್ಲ.

ಮನೆಗೆ ಬರುವ ದಾರಿಯಲ್ಲಿ ಲೀವ್ ಮುಂದೆ ಓಡಿದಳು. ಅತ್ತೆ ನನ್ನ ತೋಳು ಹಿಡಿದರು, ಮಂಜುಗಟ್ಟಿದ ಇಳಿಜಾರು.

“ನಿಮಗೆ ಯಾವಾಗ ಗೊತ್ತಾಯ್ತು?” ಎಂದೆ.

“ಅವತ್ತು ಕಟ್ಟೆ ಮೇಲೆ ಮೀನಿನ ಡಬ್ಬ ತೊಳೀತಿದ್ದೆ. ನೀನು ಪೆಟ್ಟಿಗೆ ತಂದಿದ್ದೂ ಕಂಡೆ, ಹೊತ್ಕೊಂಡು ವಾಪಸ್ ಹೋಗಿದ್ದೂ ಕಂಡೆ.”

“ಗೊತ್ತಿದ್ದೂ ಟ್ರೋಂಡುರ್‌ಗೆ ನನ್ನನ್ನ ಯಾಕೆ ತಂದ್ಕೊಂಡ್ರಿ?”

“ಅಲ್ಲಿವರೆಗೂ ಹೋಗಿ ವಾಪಸ್ ಬಂದೋಳು ಇನ್ನೆಲ್ಲೂ ಹೋಗಲ್ಲ ಅಂತ.”

ಇದನ್ನು ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಒಳ್ಳೆ ಕುರಿ ಆರಿಸಿದವರು ಹೇಳುವ ಹಾಗೆ, ಸಮಾಧಾನದಿಂದ ಹೇಳಿದರು. ನನ್ನ ಕೈಯನ್ನು ತಟ್ಟಿದರು ಕೂಡ.

ಈಗ ಒಂದು ಸಹಾಯ. ಅತ್ತೆಗೆ ಭುಜದಿಂದ ಕೆಳಗೆ ಹೆಣೆಯುವುದು ಬಾರದು. ಕಲಿಸಲು ನಮೂನೆ ಬೇಕು. ಸ್ವೆಟರ್ ಕಳಿಸು.

ಸೊಲ್ವಾ

---

ಕೋಪನ್‌ಹೇಗನ್
30 ನವೆಂಬರ್

ಸೊಲ್ವಾ,

ಕಳಿಸುತ್ತಿದ್ದೇನೆ. ಕಟ್ಟುವಾಗ ಮೂರು ಸಲ ಬಿಚ್ಚಿದೆ.

ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ನಿನ್ನ ಗಂಟಲವರೆಗೆ ಬಂದ ಮಾತನ್ನು ಆ ಮುದುಕಿ ಕಸಿದುಕೊಂಡಳು. ನಾನು ಊರು ಬಿಡುವ ಮುಂಚಿನ ಚಳಿಗಾಲ ನೀನು ನನಗಾಗಿ ಮಾಡಿದ ಒಂದೇ ಒಂದು ವಸ್ತು, ಈಗ ಅದೂ ಅವಳದಾಯಿತು. ನೀನು ಅದನ್ನು ಅವಳಿಗೆ ಕಲಿಸುತ್ತಲೂ ಇದ್ದೀಯಾ!

ನಗುವ ವಿಷಯದಲ್ಲಿ ನೀನು ಹೇಳಿದ್ದು ಸರಿ. ನಾನು ನಿನ್ನನ್ನು ಕಿಟಕಿಯಲ್ಲಿ ನಿಲ್ಲಿಸಿದ್ದು ನನಗೆ ಹಾಗೆ ಬೇಕಿತ್ತು ಎಂಬ ಕಾರಣಕ್ಕೆ. ನೀನು ಅಲ್ಲಿ ಸುಖವಾಗಿದ್ದೀಯ ಎಂದುಕೊಂಡರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಕೋಣೆಗಳು ಹಾಗೇ ಇವೆ. ಇದು ಕೊನೆಯ ಸಲ ಕೇಳುವುದು.

ಬೈಂಟಾ

---

ಸ್ಕಾರ್ವಿಕ್
12 ಡಿಸೆಂಬರ್

ಬೈಂಟಾ,

ಪೊಟ್ಟಣ ಬಂದದ್ದು ಐದನೇ ತಾರೀಕು. ಅಂಚೆಯ ಬಾಗಿಲು ಹಾಕಿಕೊಂಡು ಬಿಚ್ಚಿದೆ. ಮುಖಕ್ಕೆ ಒತ್ತಿಕೊಂಡೆ. ಉಣ್ಣೆ ಮಾತ್ರ ನಮ್ಮ ಕುರಿಗಳದ್ದು, ವಾಸನೆ ಯಾವುದೋ ನನಗೆ ಗೊತ್ತಿಲ್ಲದ ಸಾಬೂನಿನದು. ಹದಿನೇಳು ವರ್ಷದಲ್ಲಿ ನೀನು ಎಷ್ಟು ದೂರ ಹೋಗಿದ್ದೀಯೆಂದು ನನಗೆ ಆಗ ತಿಳಿಯಿತು, ಅಲ್ಲೇ ನಿಂತು ಅತ್ತುಬಿಟ್ಟೆ.

ಮೂರು ದಿನ ಮಧ್ಯಾಹ್ನ ಅತ್ತೆಗೆ ಪಾಠ. ಅವರ ಬೆರಳ ಗಂಟುಗಳು ಊದಿವೆ, ಆದರೂ ಹಟ. ಭುಜದಿಂದ ಕುಣಿಕೆ ಎತ್ತುವುದು, ಕಂಕುಳಿನಿಂದ ಕಡಿಮೆ ಮಾಡುತ್ತ ಇಳಿಯುವುದು. “ಎಂಥ ತಲೆಕೆಳಗಿನ ಕೆಲಸವೋ! ನಿನ್ನಜ್ಜಿಗೆ ಬೇರೆ ಕೆಲಸ ಇರಲಿಲ್ವಾ?” ಎಂದು ಬೈಯುತ್ತಲೇ ಕಲಿತರು. ಎಡಗೈಯ ಪಟ್ಟಿಯ ಹತ್ತಿರ ಬಂದಾಗ ಕನ್ನಡಕ ಏರಿಸಿದರು.

“ಇಲ್ಲಿ ಎರಡು ಕುಣಿಕೆ ತಪ್ಪಿದೀಯ.”

“ಹೂಂ.”

“ಬಿಚ್ಚಲಿಲ್ಲ?”

“ಇಲ್ಲ.”

“ಯಾಕೆ?”

ನಾನು ಹೇಳಲಿಲ್ಲ. ದೋಣಿಮನೆಯಲ್ಲಿ ಕೂತು ಹೆಣೆಯುತ್ತಿದ್ದಾಗ ನೀನು ಹಿಂದಿನಿಂದ ಬಂದದ್ದು, ತಣ್ಣನೆಯ ಎರಡೂ ಕೈ ನನ್ನ ಕತ್ತಿಗಿಟ್ಟದ್ದು, ನಾನು ತಿರುಗಿದ್ದು, ಎಣಿಕೆ ತಪ್ಪಿದ್ದು. ಅದು ನಮ್ಮ ಮೊದಲ ಮುತ್ತು. ಬಿಚ್ಚಲು ನನಗೆ ಮನಸ್ಸಾಗಲಿಲ್ಲ. ಅತ್ತೆ ನನ್ನ ಮುಖ ನೋಡಿ ಕನ್ನಡಕ ಇಳಿಸಿದರು.

ಮೊನ್ನೆ ಗುರುವಾರ ಮೂರು ಗಂಟೆಗೆ ಗುನ್ವೋರ್ ಮನೆಯಲ್ಲಿ ಸೇರಿದೆವು. ದೀಪ ಆಗಲೇ ಹಚ್ಚಿದ್ದರು. ಅತ್ತೆ ತಾವು ಹೆಣೆದ ತೋಳಿನ ತುಂಡನ್ನು ಕೈಯಿಂದ ಕೈಗೆ ದಾಟಿಸಿದರು. ಎಲ್ಲರೂ ತಲೆದೂಗಿದರು. ಅಷ್ಟಕ್ಕೇ ನಿಂತಿದ್ದರೆ ಮುಗಿಯುತ್ತಿತ್ತು. ಅವರು ಚೀಲದಿಂದ ನಿನ್ನ ಸ್ವೆಟರನ್ನೇ ತೆಗೆದರು. “ನಮೂನೆಗೆ ಅಂತ ಅವಳ ಹತ್ರ ತರಿಸ್ಕೊಂಡೆ. ನೋಡ್ಕೊಳ್ಳಿ, ಇದೇ.”

ಗುನ್ವೋರ್ ಎಡಗೈಯನ್ನು ದೀಪದ ಹತ್ತಿರ ಹಿಡಿದಳು. “ಸಿನಿಮಾದಲ್ಲಿ ಇಲ್ಲೊಂದು ಹೆಜ್ಜೆ ಮುರಿದಿತ್ತಲ್ಲ?”

“ಇತ್ತು. ನಿನ್ನೆ ಬಿಚ್ಚಿ ಸರಿ ಮಾಡಿದೆ. ನಾನು ತಪ್ಪು ಉಳಿಸೋಳಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆಯಲ್ಲ.”

ನನಗೆ ಗೊತ್ತಿರಲಿಲ್ಲ ಬೈಂಟಾ. ಕೈ ಚಾಚಿ ಇಸಿದುಕೊಂಡೆ. ಹಕ್ಕಿಯ ಹೆಜ್ಜೆಗಳು ಸಾಲಾಗಿ, ಒಂದೂ ಮುರಿಯದೆ, ಶಾಲೆಯ ಮಕ್ಕಳ ಹಾಗೆ ನಿಂತಿದ್ದವು. ಎಲ್ಲಿ ತಪ್ಪಿತ್ತೆಂದು ನನಗೇ ಹುಡುಕಬೇಕಾಯಿತು. ಅತ್ತೆ ಮಾಡಿದ್ದು ನನ್ನ ಒಳ್ಳೆಯದಕ್ಕೆ, ತಮ್ಮ ಮಗನ ಮತ್ತು ಮೊಮ್ಮಗಳ ಒಳ್ಳೆಯದಕ್ಕೆ. ತಪ್ಪೇ ಇಲ್ಲದ ಸ್ವೆಟರ್ ಅವರದೆಂದು ಯಾರಾದರೂ ನಂಬುತ್ತಾರೆ.

ನನ್ನ ಚೀಲದಿಂದ ಕತ್ತರಿ ತೆಗೆದೆ. ಅಂಚಿನ ಗಂಟು ಕತ್ತರಿಸಿ ದಾರ ಎಳೆದೆ. ಏಳು ಸುತ್ತು ಬಿಚ್ಚಬೇಕಿತ್ತು, ಬಿಚ್ಚಿದೆ. “ಏನೇ ಮಾಡ್ತಿದೀಯ?” ಎಂದು ಒಬ್ಬಳಾದರೂ ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. ಕುಣಿಕೆಗಳನ್ನು ನನ್ನ ಕಡ್ಡಿಗೆ ಎತ್ತಿಕೊಂಡು ಮೇಲಿನಿಂದ ಕೆಳಕ್ಕೆ, ನನ್ನ ಅಜ್ಜಿಯ ಹಾಗೆ, ಹೆಣೆಯತೊಡಗಿದೆ. ಮಿಕ್ಕ ಎಂಟು ಜನರ ಕೈ ಮಡಿಲಲ್ಲಿ ಸುಮ್ಮನಿತ್ತು. ಕೂಟದಲ್ಲಿ ಹೀಗೆ ಹಿಂದೆಂದೂ ಆಗಿರಲಿಲ್ಲ. ಆ ಹೆಜ್ಜೆಗೆ ಬಂದೆ. ಜೋರಾಗಿ ಎಣಿಸಿದೆ, ಎಲ್ಲರಿಗೂ ಕೇಳುವಂತೆ, ಎರಡು ಕುಣಿಕೆ ಬಿಟ್ಟೆ. ಹಕ್ಕಿಯ ಬೆರಳು ಮುರಿಯಿತು. ಮುಂದೆ ಹೆಣೆದೆ.

ಕಂದು ದಾರ ಸಾಲದಾಯಿತು. ತಲೆಯೆತ್ತಿದರೆ ಅತ್ತೆ ತಮ್ಮ ಉಂಡೆಯನ್ನು ನನ್ನ ಮುಂದೆ ಹಿಡಿದಿದ್ದರು.

ಅಂಚು ಮುಗಿಸಿ ಗಂಟು ಹಾಕಿದೆ. ಸ್ವೆಟರನ್ನು ಮೇಜಿನ ಮೇಲೆ ಹರವಿದೆ, ಎಡಗೈ ಮೇಲೆ ಬರುವ ಹಾಗೆ. ಈಗ ಯಾರಾದರೂ ಎದ್ದು ಹೋಗುತ್ತಾರೆ, ಬಾಗಿಲು ತೋರಿಸುತ್ತಾರೆ, ಏನಾದರೂ ಅನ್ನುತ್ತಾರೆ. ಏನಾದರೂ ಆಗಲಿ ಎಂದು ಕಾದೆ. ನಿಜವಾಗಿ ಆಸೆಯಿಂದ ಕಾದೆ.

ಗುನ್ವೋರ್ ಆ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದಳು. “ನಮಗೆ ಕಾಣುತ್ತೆ ಕಣೇ” ಎಂದಳು, ಬಹಳ ಮೆತ್ತಗೆ. “ಯಾವಾಗಿಂದ್ಲೋ ಕಾಣುತ್ತೆ. ಈ ಮನೆಯಿಂದ ಒಂದು ಮಾತು ಆಚೆ ಹೋಗಲ್ಲ. ಕೂತ್ಕೋ, ಕಾಫಿ ಆರಿಹೋಗ್ತಿದೆ.”

ಆಗಲೇ ನನಗೆ ಗೊತ್ತಾದದ್ದು, ನಾನು ಎದ್ದು ನಿಂತಿದ್ದೆ ಎಂದು.

ಕೂತೆ. ಕಡ್ಡಿಗಳು ಮತ್ತೆ ಸದ್ದು ಮಾಡಿದವು. ಕ್ರಿಸ್‌ಮಸ್ ಕೇಕಿಗೆ ಈ ಸಲ ಎಷ್ಟು ಮೊಟ್ಟೆ ಎಂಬ ಮಾತು ಬಂತು. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ ಬೈಂಟಾ, ಹಾಕುವುದೂ ಇಲ್ಲ. ಹೊರಗೆ ಹಾಕುತ್ತಾರೆಂದು ಹದಿನೇಳು ವರ್ಷ ಹೆದರಿದ್ದೆ. ಅವರು ಅಷ್ಟು ವರ್ಷವೂ ಎಲ್ಲ ಗೊತ್ತಿದ್ದು, ಪ್ರೀತಿಯಿಂದ, ಬಾಗಿಲನ್ನು ಒಳಗಿನಿಂದ ಹಿಡಿದುಕೊಂಡು ಕೂತಿದ್ದರು. ಅಷ್ಟು ಕೈಗಳನ್ನು ಬಿಡಿಸಿಕೊಂಡು ಬರುವ ಶಕ್ತಿ ನನಗಿಲ್ಲ. ಬೈದಿದ್ದರೆ ಬರುತ್ತಿದ್ದೆ.

ಟ್ರೋಂಡುರ್ ಮುಂದಿನ ಶುಕ್ರವಾರ ಬರುತ್ತಾನೆ. ಲೀವ್ ಸ್ವೆಟರನ್ನು ಒಮ್ಮೆ ತೊಟ್ಟು ನೋಡಿದಳು, ತೋಳು ಸ್ವಲ್ಪ ಉದ್ದ, ಅಷ್ಟೇ. ಇನ್ನು ಮೂರು ನಾಲ್ಕು ವರ್ಷಕ್ಕೆ ಸರಿಹೋಗುತ್ತದೆ. ನಿನ್ನ ಎರಡನೆಯ ಕೋಣೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡ. ಲೀವ್ ನಿನ್ನ ಕಡೆಗೆ ಹೊರಡುವ ದಿನ ಹಡಗುಕಟ್ಟೆಯವರೆಗೆ ಅವಳ ಪೆಟ್ಟಿಗೆಯನ್ನು ನಾನು ಹೊರುತ್ತೇನೆ. ವಾಪಸ್ ಬರುವಾಗ ನನ್ನ ಕೈ ಖಾಲಿ ಇರುತ್ತದೆ.

ಸ್ವೆಟರ್ ಇದರ ಜೊತೆಗೆ ಕಳಿಸುತ್ತಿದ್ದೇನೆ. ಕಟ್ಟುವಾಗ ನಾನೂ ಮೂರು ಸಲ ಬಿಚ್ಚಿದೆ. ಎಡಗೈ ನೋಡು, ಎಣಿಸಿ ನೋಡು. ಎರಡು ಕುಣಿಕೆ ಕಡಿಮೆ ಇವೆ.

ನಿನ್ನ
ಸೊಲ್ವಾ